ಅಡ್ಡಗೆರೆ ಎಳೆದ ಲೆಕ್ಕ

ಹತ್ತನೇ ತರಗತಿಯ ಫಲಿತಾಂಶ ಬಂದು ಐದು ದಿನವಾಗಿದ್ದರೂ ಮೈಸೂರು ಪಾಕಿನ ಡಬ್ಬಿ ಶಿಕ್ಷಕರ ಕೊಠಡಿಯ ಮೇಜಿನ ಮೇಲೇ ಇತ್ತು. ಬೇಸಿಗೆ ರಜೆ. ಯಾವುದೋ ಕೆಲಸಕ್ಕೆಂದು ಬಂದವರು ಒಂದೊಂದು ಚೂರು ಬಾಯಿಗೆ ಹಾಕಿಕೊಂಡು, "ಈ ಸಲ ಗಣಿತದವರು ಶಾಲೆ ಮಾನ ಉಳಿಸಿದ್ರು ಕಣ್ರೀ" ಎಂದು ಹೇಳಿ ಹೋಗುತ್ತಿದ್ದರು.

ಗಿರಿಜಾಂಬಿಕಾ ಆ ಮಾತನ್ನು ಬೇಡವೆನ್ನುತ್ತಿರಲಿಲ್ಲ. ಹೊನ್ನವಳ್ಳಿ ಕಡೆಯ ಆ ಅನುದಾನಿತ ಪ್ರೌಢಶಾಲೆಯಲ್ಲಿ ಅವರು ಹತ್ತೊಂಬತ್ತು ವರ್ಷದಿಂದ ಗಣಿತ ವಿಭಾಗದ ಮುಖ್ಯಸ್ಥೆ. ಹಾಗೆಂಬ ಹುದ್ದೆ ಸರ್ಕಾರದ ಯಾವ ಕಾಗದದಲ್ಲೂ ಇಲ್ಲ. ಹಿಂದೆ ಇದ್ದ ಮುಖ್ಯೋಪಾಧ್ಯಾಯರೊಬ್ಬರು, ಒಂದೊಂದು ವಿಷಯವನ್ನು ಒಬ್ಬೊಬ್ಬರ ತಲೆಗೆ ಕಟ್ಟಿದರೆ ತಮ್ಮ ತಲೆ ಹಗುರಾದೀತು ಎಂದು ಮಾಡಿಟ್ಟ ಏರ್ಪಾಡು ಅದು. ಆ ಹುದ್ದೆಯ ಜೊತೆಗೆ ಅವರಿಗೆ ಸಿಕ್ಕಿದ್ದು ಒಂದು ಕಬ್ಬಿಣದ ಬೀರು, ಅದರ ಬೀಗದ ಕೈ, ಮತ್ತು ಫಲಿತಾಂಶ ಕೆಟ್ಟ ವರ್ಷ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವ ಹಕ್ಕು. ಅಷ್ಟೇ ಆದರೂ ಅದನ್ನು ಅವರು ಮನೆಯ ಯಜಮಾನಿಕೆಯಷ್ಟೇ ಜೋಪಾನವಾಗಿ ನಡೆಸಿಕೊಂಡು ಬಂದಿದ್ದರು.

ಗುರುವಾರ ಹತ್ತೂವರೆಯ ಹೊತ್ತಿಗೆ ಜ್ಞಾನೇಶ್ ಬಂದ. ವಿಭಾಗದ ಕಿರಿಯ ಮೇಷ್ಟ್ರು. ಕಂದಿಕೆರೆ ಕಡೆಯ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ವರ್ಷ. ಸಿಹಿಯ ಡಬ್ಬಿಯ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ಹಾಳೆಗಳ ಕಟ್ಟನ್ನು ಗಿರಿಜಾಂಬಿಕಾರ ಮುಂದಿಟ್ಟ.

"ಲಿಖಿತಾಳ ಉತ್ತರ ಪತ್ರಿಕೆ ಮೇಡಂ. ಮಂಡಳಿಯಿಂದ ಸ್ಕ್ಯಾನ್ ಕಾಪಿ ಬಂತು. ನಾನೇ ಅರ್ಜಿ ಹಾಕಿದ್ದೆ."

"ನೀನ್ಯಾಕಪ್ಪ ಹಾಕ್ದೆ? ಅವಳು ಕೇಳಿದ್ಳಾ?"

"ಎಲ್ಲಿ ಕೇಳ್ತಾಳೆ? ಫೋನೇ ತೆಗೀತಿಲ್ಲ. ಅವಳು ಫೇಲಾಗಿದ್ದು ನನಗೆ ನಂಬೋಕಾಗ್ಲಿಲ್ಲ. ಹನ್ನೊಂದನೇ ಪುಟ ನೋಡಿ."

ಗಿರಿಜಾಂಬಿಕಾ ಕನ್ನಡಕ ಏರಿಸಿಕೊಂಡು ನೋಡಿದರು. ರೈಲಿನ ಲೆಕ್ಕ. ಮುನ್ನೂರ ಅರವತ್ತು ಕಿಲೋಮೀಟರ್ ದೂರ. ವೇಗ ಗಂಟೆಗೆ ಐದು ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತದೆ. ಹಾಗಾದರೆ ರೈಲಿನ ವೇಗ ಎಷ್ಟು? ವರ್ಗ ಸಮೀಕರಣದ, ನಾಲ್ಕು ಅಂಕದ ಪ್ರಶ್ನೆ. ಹುಡುಗಿ ದುಂಡಗಿನ ಅಕ್ಷರದಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಿಡಿಸಿದ್ದಳು. ಉತ್ತರ ನಲವತ್ತು. ಕೆಳಗೆ ಎರಡು ಗೆರೆ ಕೂಡ ಹಾಕಿದ್ದಳು. ಆಮೇಲೆ ಸ್ಕೇಲಿಟ್ಟು, ಪುಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಗೆರೆ ಎಳೆದಿದ್ದಳು.

ಹದಿಮೂರನೇ ಪುಟದಲ್ಲಿ ತ್ರಿಕೋನಮಿತಿಯ ಮೂರು ಅಂಕದ ಲೆಕ್ಕ. ಅದೂ ಸರಿ. ಅದಕ್ಕೂ ಅಡ್ಡಗೆರೆ.

ಗಿರಿಜಾಂಬಿಕಾ ಎಷ್ಟೋ ವರ್ಷ ಮೌಲ್ಯಮಾಪನಕ್ಕೆ ಹೋದವರು. ಹೊಡೆದು ಹಾಕಿದ ಉತ್ತರವನ್ನು ಯಾರೂ ಓದುವುದಿಲ್ಲ, ಓದುವ ಹಾಗೂ ಇಲ್ಲ ಎಂಬುದು ಅವರಿಗೆ ಗೊತ್ತು. ಆದರೂ ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಎಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ ಎಂದು ಹುಡುಕುತ್ತಿದ್ದೇನೆ ಎಂಬುದು ಅರ್ಧ ಪುಟ ಮುಗಿದ ಮೇಲೆ ಅವರಿಗೇ ಹೊಳೆಯಿತು. ತಪ್ಪು ಸಿಗಲಿಲ್ಲ.

ಲಿಖಿತಾಳಿಗೆ ಬಂದದ್ದು ಎಂಬತ್ತಕ್ಕೆ ಇಪ್ಪತ್ತನಾಲ್ಕು. ಪಾಸಾಗಲು ಇಪ್ಪತ್ತೆಂಟು ಬೇಕಿತ್ತು. ಹೊಡೆದು ಹಾಕಿದ ಎರಡು ಲೆಕ್ಕಕ್ಕೆ ಏಳು ಅಂಕ.

"ಯಾಕೆ ಹೊಡೆದ್ಳು ಅಂತ..." ಎಂದು ಜ್ಞಾನೇಶ್ ಶುರುಮಾಡಿದ.

"ಗೊತ್ತು ಬಿಡಪ್ಪ" ಎಂದರು ಗಿರಿಜಾಂಬಿಕಾ.

ಅವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕೈಗೆ ಬಂದ ಕೂಡಲೇ, ಹಿಂದುಳಿದ ಮಕ್ಕಳ ಪಟ್ಟಿ ಮಾಡಿ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಬೇಕು. ಪಟ್ಟಿಯ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಳ್ಳಬೇಕು. ದತ್ತು ಎಂದರೆ ಬಾಯಿಮಾತಲ್ಲ. ಬೆಳಗಿನ ಜಾವ ಫೋನು ಮಾಡಿ ಎಬ್ಬಿಸಬೇಕು, ಮನೆಗೆ ಹೋಗಿ ಓದುತ್ತಿದ್ದಾರೋ ಇಲ್ಲವೋ ನೋಡಬೇಕು, ಸಂಜೆ ಕೂರಿಸಿಕೊಂಡು ಪಾಠ ಹೇಳಬೇಕು. ಆ ಪಾಠಕ್ಕೆ ಪಾಸಿಂಗ್ ಪ್ಯಾಕೇಜ್ ಅನ್ನುತ್ತಾರೆ: ಇಡೀ ಪುಸ್ತಕ ಬಿಟ್ಟು, ಪಾಸಾಗಲು ಎಷ್ಟು ಬೇಕೋ ಅಷ್ಟನ್ನೇ ಕಲಿಸುವುದು. ಎರಡು ಪ್ರಮೇಯ, ಒಂದು ನಕ್ಷೆ, ಸರಾಸರಿ, ಬಹುಲಕ, ಕೆಲವು ಸೂತ್ರ. ಗಣಿತದಲ್ಲಿ ಗಿರಿಜಾಂಬಿಕಾ ಮಾಡಿದ ಪ್ಯಾಕೇಜು ಹನ್ನೆರಡು ಪ್ರಶ್ನೆಯದು. ತಿಪಟೂರು ತಾಲ್ಲೂಕಿನಲ್ಲಿ ಅದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ಹೆಸರಾಗಿತ್ತು.

ಅದಕ್ಕೆ ಅವರು ಒಂದು ಕಟ್ಟಳೆ ಮಾಡಿದ್ದರು. ಬಹಳ ಹಿಂದೆ ಪ್ರಮೇಯ ಬಾಯಿಪಾಠ ಬರುತ್ತಿದ್ದ ಹುಡುಗನೊಬ್ಬ, ಎಟುಕದ ಲೆಕ್ಕವೊಂದನ್ನು ಹಿಡಿದುಕೊಂಡು ಒಂದು ಗಂಟೆ ಗುದ್ದಾಡಿ, ಪ್ರಮೇಯ ಬರೆಯಲು ಹೊತ್ತಿಲ್ಲದೆ ಫೇಲಾಗಿದ್ದ. ಅವನ ತಾಯಿ ಶಾಲೆಯ ಗೇಟಿನಲ್ಲಿ ನಿಂತು ಅತ್ತದ್ದು ಗಿರಿಜಾಂಬಿಕಾರ ಮನಸ್ಸಿನಿಂದ ಹೋಗಲಿಲ್ಲ. ಆ ವರ್ಷದಿಂದ ದತ್ತು ಮಕ್ಕಳಿಗೆ ಒಂದೇ ಮಾತು: "ಪ್ರಶ್ನೆ ಪಟ್ಟಿಯಲ್ಲಿ ಇಲ್ಲದ್ದನ್ನ ಮುಟ್ಟಬೇಡಿ. ಕೈ ತಪ್ಪಿ ಮುಟ್ಟಿದ್ರೆ ಅಡ್ಡಗೆರೆ ಎಳೆದು ಮುಂದಕ್ಕೆ ಹೋಗಿ." ಬರೀ ಹೇಳಿದರೆ ಮಕ್ಕಳು ಕೇಳುವುದಿಲ್ಲವೆಂದು, ಸಂಜೆಯ ಕಿರುಪರೀಕ್ಷೆಗಳಲ್ಲಿ ಯಾರಾದರೂ ಹೊರಗಿನ ಲೆಕ್ಕ ಮಾಡಿದ್ದರೆ, ಸರಿಯೋ ತಪ್ಪೋ ನೋಡದೆ, ಕೆಂಪು ಪೆನ್ನಿನಲ್ಲಿ ತಾವೇ ಗೆರೆ ಎಳೆಯುತ್ತಿದ್ದರು. ಅದರಿಂದ ಎಷ್ಟೋ ಮಕ್ಕಳು ದಡ ಸೇರಿದ್ದು ಸುಳ್ಳಲ್ಲ.

ಲಿಖಿತಾ ಹಿಂದುಳಿದವರ ಪಟ್ಟಿಗೆ ಬಿದ್ದದ್ದು ಚಿಕೂನ್‌ಗುನ್ಯ ಜ್ವರದಿಂದ. ಅರ್ಧವಾರ್ಷಿಕದ ಮುಂಚೆ ಒಂದೂವರೆ ತಿಂಗಳು ಮಲಗಿದ್ದವಳಿಗೆ ಗಣಿತದಲ್ಲಿ ಹತ್ತೊಂಬತ್ತು ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಜ್ಞಾನೇಶ್ ಬಂದು ಹೇಳಿದ್ದ: "ಮೇಡಂ, ಆ ಹುಡುಗೀನ ಪಟ್ಟಿಯಿಂದ ತೆಗೀರಿ. ನನ್ನ ಕ್ಲಾಸಲ್ಲಿ ವರ್ಗ ಸಮೀಕರಣ ನೀರು ಕುಡಿದ ಹಾಗೆ ಮಾಡ್ತಾಳೆ. ಸಂಜೆ ಬಂದು ನಿಮ್ಮ ಹನ್ನೆರಡನ್ನೇ ತಿರುತಿರುಗಿ ಬರೀತಾ ಕೂತಿದಾಳೆ."

ಗಿರಿಜಾಂಬಿಕಾ ಅಂದು ತಲೆ ಎತ್ತದೆ ಉತ್ತರ ಕೊಟ್ಟಿದ್ದರು. "ಪಟ್ಟಿ ಕಚೇರಿಗೆ ಹೋಗಿದೆ. ತೆಗೆದ ಮೇಲೆ ಅವಳು ಫೇಲಾದ್ರೆ ಯಾರು ಉತ್ತರ ಕೊಡೋರು? ನೀನು ಕೊಡ್ತೀಯಾ?"

ಇಪ್ಪತ್ತೆರಡು ದತ್ತು ಮಕ್ಕಳಲ್ಲಿ ಇಪ್ಪತ್ತೊಂದು ಪಾಸಾಗಿದ್ದವು. ಸಿಹಿ ಹಂಚಿದ್ದು ಅದಕ್ಕೇ. ಉಳಿದವಳು ಲಿಖಿತಾ, ಇಪ್ಪತ್ತೆರಡರಲ್ಲಿ ಎಲ್ಲರಿಗಿಂತ ಚುರುಕಾದವಳು. ನಕ್ಷೆಯಲ್ಲಿ ಒಂದು ಬಿಂದು ತಪ್ಪಿಟ್ಟಿದ್ದಳು, ಪ್ರಮೇಯದಲ್ಲಿ ಎರಡು ಸಾಲು ಬಿಟ್ಟಿದ್ದಳು. ಮಿಕ್ಕದ್ದನ್ನು ತಾನೇ ಹೊಡೆದಿದ್ದಳು.

ಗಿರಿಜಾಂಬಿಕಾ ಹಾಳೆಗಳನ್ನು ಹಿಡಿದು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋದರು. ಹಾಲಸ್ವಾಮಿಯವರು ಒಳ್ಳೆಯ ಮನುಷ್ಯ. ಯಾವ ವಿಷಯವೂ ದೊಡ್ಡದಾಗಬಾರದು ಅನ್ನುವುದಷ್ಟೇ ಅವರ ಆಸೆ. ಹಾಳೆ ನೋಡಿ ತುಟಿ ಕಚ್ಚಿಕೊಂಡರು.

"ಪಾಪ. ಪರೀಕ್ಷೆ ಎರಡಕ್ಕೆ ಹೆಸರು ಕೊಡೋಕೆ ಶನಿವಾರ ಕೊನೇ ದಿನ. ಹೋಗಿ ಕರ್ಕೊಂಬನ್ನಿ ಮೇಡಂ, ಈಗ ಕೈ ಬಿಟ್ರೆ ಆ ಹುಡುಗಿ ಮತ್ತೆ ಪುಸ್ತಕ ಮುಟ್ಟಲ್ಲ."

"ಹೋಗ್ತೀನಿ ಸಾರ್."

"ಆದ್ರೆ ಈ ಹಾಳೆ ತಗೊಂಡು ಹೋಗ್ಬೇಡಿ. ಇನ್ನೊಂದ್ಸಲ ಪ್ರಯತ್ನ ಪಡು ಅಂತ ಹೇಳಿ, ಸಾಕು. ಅವರು ಇದರ ಫೋಟೋ ತೆಗೆದು ವಾಟ್ಸಾಪಲ್ಲಿ ಬಿಟ್ರೆ ಏನ್ ಗತಿ? ಸೋಮವಾರ ನೀವು ತಾಲ್ಲೂಕಿನ ಗಣಿತ ಮೇಷ್ಟ್ರುಗಳ ಮುಂದೆಲ್ಲ ನಿಂತು ಪ್ಯಾಕೇಜ್ ವಿವರಿಸ್ಬೇಕು. ಅಧಿಕಾರಿಗಳೇ ಹೇಳಿ ಕಳ್ಸಿದಾರೆ."

"ಅವಳು ದಡ್ಡಿ ಅಲ್ಲ ಅಂತ ಅವಳಿಗೆ ಗೊತ್ತಾಗೋದು ಬೇಡ್ವಾ ಸಾರ್?"

ಹಾಲಸ್ವಾಮಿ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ನೀವು ದೊಡ್ಡೋರು. ನಿಮಗೆ ತೋಚಿದ ಹಾಗೆ ಮಾಡಿ" ಎಂದರು.

ಜ್ಞಾನೇಶ್ ಬೈಕಿನಲ್ಲಿ ಬಿಡುತ್ತೇನೆ ಎಂದ. ಗಿರಿಜಾಂಬಿಕಾ ಬೇಡವೆಂದು ತಮ್ಮ ಸ್ಕೂಟರಿನಲ್ಲೇ ಹೊರಟರು. ಲಿಖಿತಾಳ ಊರು ಗುಡ್ಡದಪಾಳ್ಯ ಶಾಲೆಯಿಂದ ನಾಲ್ಕು ಮೈಲಿ. ದಾರಿಯ ಎರಡೂ ಕಡೆ ತೆಂಗಿನ ತೋಟ, ಅಲ್ಲಲ್ಲಿ ನುಸಿ ಬಿದ್ದು ಕಾಯಿ ಸಣ್ಣಗಾದ ಮರಗಳು. ಹೋಗುತ್ತಾ ಹೋಗುತ್ತಾ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡರು. ಮೊದಲು ಧೈರ್ಯ ಹೇಳುವುದು. ಒಪ್ಪಿದರೆ ಹಾಳೆ ತೋರಿಸುವ ಅಗತ್ಯವೇ ಬೀಳದು. ಅಗತ್ಯ ಬೀಳದಿದ್ದರೆ ಒಳ್ಳೆಯದೇ ಎಂದು ಅವರ ಒಳಗೆ ಯಾರೋ ಸಣ್ಣ ದನಿಯಲ್ಲಿ ಅಂದರು. ಅದನ್ನು ಅವರು ಗದರಿಸಲಿಲ್ಲ.

ಮನೆಗೆ ಬೀಗ ಹಾಕಿತ್ತು. ಲಿಖಿತಾಳ ಅಪ್ಪ ಅಮ್ಮ ಕಾಯಿ ಕೀಳುವ ಗುಂಪಿನ ಜೊತೆ ತುರುವೇಕೆರೆ ಕಡೆಗೆ ಹೋಗಿದ್ದಾರೆ, ಹುಡುಗಿ ಅಜ್ಜಿಯ ಜೊತೆ ಶೆಡ್ಡಿನಲ್ಲಿದ್ದಾಳೆ ಎಂದು ಪಕ್ಕದ ಮನೆಯವರು ಕೈತೋರಿಸಿದರು. ಊರ ಹೊರಗೆ ತಗಡಿನ ಶೆಡ್ಡು. ಕೊಬ್ಬರಿ ಪೌಡರಿನ ಫ್ಯಾಕ್ಟರಿಗೆ ಕಾಯಿ ಸಿದ್ಧಮಾಡಿ ಕಳಿಸುವ ಜಾಗ. ಎಂಟು ಹತ್ತು ಹೆಂಗಸರು ಮಣೆ ಹಾಕಿಕೊಂಡು ಸಾಲಾಗಿ ಕೂತು, ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಬಾಗಿದ ಚಾಕುವಿನಿಂದ ಹೆರೆದು, ಬೆಳ್ಳಗಾದ ಉಂಡೆಯನ್ನು ನೀರಿನ ತೊಟ್ಟಿಗೆ ಎಸೆಯುತ್ತಿದ್ದರು. ಸಾಲಿನ ಕೊನೆಯಲ್ಲಿ ಲಿಖಿತಾ. ಮೇಷ್ಟ್ರಮ್ಮನನ್ನು ಕಂಡವಳು ತಲೆ ಬಗ್ಗಿಸಿಕೊಂಡಳು. ಚಾಕು ಮಾತ್ರ ನಿಲ್ಲಲಿಲ್ಲ.

ಮಾತಾಡಿದ್ದು ಅವಳ ಅಜ್ಜಿ ಭೈರಮ್ಮ.

"ಏನ್ರವ್ವ, ಇಷ್ಟ್ ದೂರ ಬಂದ್ಬುಟ್ರಿ? ಇಸ್ಕೂಲ್ನಾಗೆ ಎಲ್ರೂ ಸ್ವೀಟ್ ತಿಂದ್ರಂತೆ. ನಮ್ ಹುಡ್ಗಿ ಪಾಲು ಏನಾರ ತಂದ್ರಾ?"

ಎರಡು ಮೂರು ಹೆಂಗಸರು ನಕ್ಕರು. ಗಿರಿಜಾಂಬಿಕಾ ಬೋರಲು ಹಾಕಿದ್ದ ಬಕೆಟ್ಟೊಂದರ ಮೇಲೆ ಕೂತರು.

"ಲಿಖಿತಾ ಜೊತೆ ಮಾತಾಡೋಣ ಅಂತ ಬಂದೆ ಕಣಮ್ಮ. ಇನ್ನೊಂದ್ಸಲ ಪರೀಕ್ಷೆ ಇದೆ. ಒಂದೇ ವಿಷಯ. ಕಟ್ಟಿದ್ರೆ ಈ ವರ್ಷಾನೇ ಪಿಯುಸಿಗೆ ಸೇರಬಹುದು."

"ಕಟ್ಟಿ ಮತ್ತೆ ಫೇಲಾಗ್ಲಾ? ಬುಡ್ರವ್ವ. ಮಿಕ್ಕೋರೆಲ್ಲ ಬುದ್ವಂತ್ರು, ನಮ್ದೊಂದು ದಡ್ಡ. ಆಗೋಯ್ತು. ಕೈಕೆಲಸ ಕಲ್ತವ್ಳೆ, ಯಾರ್ಗೇನು ತೊಂದ್ರೆ?"

"ಲಿಖಿತಾ, ನೀನು ಹೇಳಮ್ಮ" ಎಂದರು ಗಿರಿಜಾಂಬಿಕಾ. "ಮೂರು ವಾರ ಇದೆ. ನಾನೇ ಕೂರಿಸ್ಕೊಂಡು ಹೇಳ್ಕೊಡ್ತೀನಿ. ಪ್ಯಾಕೇಜ್ ಇನ್ನೂ ಸಣ್ಣದು ಮಾಡ್ತೀನಿ. ಎಂಟೇ ಪ್ರಶ್ನೆ."

"ಬೇಡ ಮೇಡಂ" ಎಂದಳು ಲಿಖಿತಾ. ಕಾಯಿಯಿಂದ ಕಣ್ಣೆತ್ತಲಿಲ್ಲ. "ಹನ್ನೆರಡೇ ನನ್ನ ತಲೆಗೆ ಹತ್ತಲಿಲ್ಲ. ನನ್ನ ತಲೆ ಅಷ್ಟೇ. ಇಪ್ಪತ್ತೊಂದು ಜನಕ್ಕೆ ಬಂತು, ನನಗೆ ಬರಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಗಿರಿಜಾಂಬಿಕಾ ತಡೆದುಕೊಳ್ಳುತ್ತಿದ್ದರು. ಅವಳು ಹೇಳಿದ್ದು ಊರಿನ ಹೆಸರು ಹೇಳಿದಷ್ಟು ಸಲೀಸಾಗಿ. ಐದೇ ದಿನದಲ್ಲಿ ಹದಿನಾರರ ಹುಡುಗಿ ತನ್ನ ತಲೆ ಇಷ್ಟೇ ಎಂದು ಅಳೆದು ಮುಗಿಸಿದ್ದಳು. ಆ ಅಳತೆಗೋಲನ್ನು ಅವಳ ಕೈಗೆ ಕೊಟ್ಟವರು ಯಾರು? ಎಂಟೇ ಪ್ರಶ್ನೆ ಎಂದು ಈಗ ಮತ್ತೊಮ್ಮೆ ಕೊಡಲು ಬಂದವರು ಯಾರು?

ಗಿರಿಜಾಂಬಿಕಾ ಬ್ಯಾಗಿನಿಂದ ಹಾಳೆ ತೆಗೆದರು. ತೆಗೆಯುವಾಗ ಸುತ್ತ ಕೂತ ಹೆಂಗಸರ ಚಾಕುಗಳು ಒಂದೊಂದಾಗಿ ನಿಂತವು.

"ಕೈ ಒರೆಸ್ಕೊಂಡು ಇಲ್ಲಿ ಬಾ. ಇದು ನಿನ್ನ ಪತ್ರಿಕೆ."

ಲಿಖಿತಾ ಲಂಗಕ್ಕೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಗೆರೆ ಎಳೆದ ಪುಟ ಕಂಡು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಹಿಂದೆ ಸರಿದಳು.

"ಪಟ್ಟೀಲಿ ಇರಲಿಲ್ಲ ಮೇಡಂ. ಹೊತ್ತಿತ್ತು, ಸುಮ್ನೆ ಮಾಡ್ದೆ. ಆಮೇಲೆ ನೆನಪಾಯ್ತು, ಹೊಡೆದುಬಿಟ್ಟೆ."

"ಯಾಕೆ ಹೊಡೆದೆ?"

"ನೀವು ಹೊಡೀತಿದ್ರಲ್ಲ. ದಿನಾ ಸಂಜೆ ಕೆಂಪು ಪೆನ್ನಲ್ಲಿ. ಅವತ್ತು ನೀವಿರಲಿಲ್ಲ. ನಾನೇ ಹೊಡೆದೆ."

ಗಿರಿಜಾಂಬಿಕಾ ಪುಟವನ್ನು ಮತ್ತೆ ಅವಳ ಹತ್ತಿರಕ್ಕೆ ಸರಿಸಿದರು.

"ಇದು ಸರಿಯಾಗಿದೆ ಲಿಖಿತಾ" ಎಂದರು ಗಿರಿಜಾಂಬಿಕಾ. "ಪೂರ್ತಿ ಸರಿ. ಹದಿಮೂರನೇ ಪುಟದ್ದೂ ಸರಿ. ಎರಡೂ ಸೇರಿ ಏಳು ಅಂಕ. ನೀನು ಹೊಡೀದೆ ಇದ್ದಿದ್ರೆ ಪಾಸು. ನಾನು ಕಲಿಸಿದ್ದನ್ನ ಕೇಳಿದ್ದಕ್ಕೆ ನೀನು ಫೇಲಾದೆ. ಜ್ಞಾನೇಶ್ ಸಾರ್ ಜನವರಿಯಲ್ಲೇ ಹೇಳಿದ್ರು, ಈ ಹುಡುಗಿಗೆ ಎಲ್ಲಾ ಬರುತ್ತೆ, ಬಿಟ್ಟುಬಿಡಿ ಅಂತ. ನಾನು ಕೇಳಲಿಲ್ಲ."

ಲಿಖಿತಾ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಬೆರಳಿನ ಒದ್ದೆ ತಾಗಿ ಅಂಚು ಮೆತ್ತಗಾಯಿತು. ಗೆರೆಯ ಕೆಳಗಿನ ತನ್ನದೇ ಅಕ್ಷರಗಳನ್ನು ಸಾಲು ಸಾಲಾಗಿ ಓದಿದಳು. ತುಟಿ ಅಲುಗುತ್ತಿತ್ತು. ಮುಗಿಸಿ, "ನಲವತ್ತು ಸರೀನಾ?" ಎಂದಳು.

"ಸರಿ."

"ಐದು ದಿನ ಆಯ್ತು ಮೇಡಂ. ಅಪ್ಪ ನನ್ನ ಕೂಡೆ ಮಾತು ಬಿಟ್ಟೈತೆ." ಹಾಳೆಯನ್ನು ಅಜ್ಜಿಯ ಕಡೆ ತಿರುಗಿಸಿ ಹಿಡಿದಳು. ಓದು ಬಾರದ ಅಜ್ಜಿ ಅದನ್ನು ನೋಡಿ, ಆಮೇಲೆ ಮೇಷ್ಟ್ರಮ್ಮನನ್ನು ನೋಡಿದಳು.

"ಅಲ್ಲ ಕಣ್ರವ್ವ," ಎಂದಳು ಭೈರಮ್ಮ ನಿಧಾನವಾಗಿ, "ಓದ್ದೋರು ನೀವು. ಮಗಾ ಸರ್ಯಾಗಿ ಮಾಡಿದ್ನ ತಪ್ಪು ಅಂತ ಹೊಡ್ಯಾಕೆ ಯಾರಾರ ಕಲಿಸ್ತಾರಾ?"

ಗಿರಿಜಾಂಬಿಕಾರ ಬಳಿ ಅದಕ್ಕೆ ಉತ್ತರವಿತ್ತು. ಗೇಟಿನಲ್ಲಿ ಅತ್ತ ತಾಯಿಯ ಕಥೆ ಇತ್ತು, ದಡ ಸೇರಿದ ಮಕ್ಕಳ ಎಣಿಕೆ ಇತ್ತು. ಅವೆರಡನ್ನೂ ಬದಿಗಿಟ್ಟು, "ತಪ್ಪಾಯ್ತು ಕಣಮ್ಮ" ಎಂದರು.

ಸಾಲಿನ ನಡುವಿನಿಂದ ಯಾರೋ ಹೆಂಗಸು, "ಬುಡು ಭೈರಕ್ಕ, ಮನೆ ಬಾಗ್ಲಿಗೆ ಬಂದು ಯೋಳ್ತಾ ಅವ್ರೆ" ಎಂದಳು. ಇನ್ನೊಬ್ಬಳು, "ಯೋಳಿದ್ರೆ ಏಳ್ ಮಾರ್ಕ್ಸ್ ಬಂದ್ಬುಡ್ತದಾ?" ಎಂದಳು. ಎರಡೂ ಮಾತು ಸರಿಯೇ ಎಂದು ಗಿರಿಜಾಂಬಿಕಾರಿಗೆ ಅನ್ನಿಸಿತು.

ಲಿಖಿತಾ ಹಾಳೆಯನ್ನು ಮಡಚಿದಳು, ಬಿಚ್ಚಿದಳು. "ನಾನು ಕಟ್ತೀನಿ" ಎಂದಳು.

ಗಿರಿಜಾಂಬಿಕಾ ಉಸಿರು ಬಿಟ್ಟರು. "ನಾಳೆನೇ ಬಾ. ಅರ್ಜಿ ತುಂಬೋಣ. ಬೆಳಿಗ್ಗೆ ಹತ್ತು ಗಂಟೆಯಿಂದ ನಾನು..."

"ನಿಮ್ಮ ಹತ್ರ ಬೇಡ ಮೇಡಂ." ಹುಡುಗಿ ಮೊದಲ ಸಲ ಅವರ ಮುಖ ನೋಡಿದಳು. ಆ ನೋಟದಲ್ಲಿ ಪೊಗರು ಇರಲಿಲ್ಲ. ಹೇಳಲೇಬೇಕಾದದ್ದನ್ನು ಹೇಳುವ ಕಷ್ಟವಿತ್ತು. "ಜ್ಞಾನೇಶ್ ಸಾರ್ ಹೇಳ್ಕೊಡೋದಾದ್ರೆ ಬತ್ತೀನಿ. ನಿಮ್ಮ ಮುಂದೆ ಕೂತ್ರೆ ನನಗೆ ಕೈ ಓಡಲ್ಲ. ಬರೆಯೋಕೆ ಮುಂಚೆ ಪಟ್ಟೀಲಿ ಐತಾ ಅಂತ ನೋಡ್ತೀನಿ."

"ಏಯ್, ಮೇಷ್ಟ್ರಮ್ಮಂಗೆ ಹಂಗಂತಾರೇನೇ?" ಎಂದು ಭೈರಮ್ಮ ಮೊಮ್ಮಗಳನ್ನು ಗದರಿಸಿದಳು. ಅಷ್ಟು ಹೊತ್ತೂ ತಾನೇ ಚುಚ್ಚುತ್ತಿದ್ದವಳು.

"ಅನ್ನಲಿ ಬಿಡಿ" ಎಂದರು ಗಿರಿಜಾಂಬಿಕಾ. "ಸರಿ ಲಿಖಿತಾ. ಜ್ಞಾನೇಶ್ ಸಾರೇ ಹೇಳ್ಕೊಡ್ತಾರೆ."

ಶುಕ್ರವಾರ ಬೆಳಿಗ್ಗೆ ಅವರು ಜ್ಞಾನೇಶನನ್ನು ಬೀರುವಿನ ಹತ್ತಿರ ಕರೆದರು. ಹತ್ತೊಂಬತ್ತು ವರ್ಷದಲ್ಲಿ ವಿಭಾಗದವರಿಗೆ ಅವರು ಕೆಲಸ ಹಂಚಿದ್ದರು, ಗದರಿದ್ದರು, ಮೆಚ್ಚಿದ್ದೂ ಉಂಟು. ಕೇಳಿಕೊಂಡಿರಲಿಲ್ಲ.

"ಅವಳು ನಿನ್ನ ಹತ್ರ ಮಾತ್ರ ಕಲೀತಾಳಂತೆ. ಆಗುತ್ತೇನಪ್ಪ?"

"ಆಗುತ್ತೆ ಮೇಡಂ. ಆದ್ರೆ ಎಂಟನೇ ಕ್ಲಾಸಿನ ದಾಖಲಾತಿಗೆ ಮನೆ ಮನೆಗೆ ಹೋಗೋದು ನನ್ನ ಪಾಲಿಗೆ ಬಂದಿದೆ. ಆರು ಹಳ್ಳಿ."

"ಆ ಹಳ್ಳಿಗಳ ಪಟ್ಟಿ ನನಗೆ ಕೊಡು. ನಾನು ಹೋಗ್ತೀನಿ."

"ಈ ಬಿಸಿಲಲ್ಲಿ ನೀವಾ? ಬೇಡ ಮೇಡಂ, ನಾನು ಹೇಗೋ..."

"ನೀನು ಹೇಗೋ ಹೇಳ್ಕೊಡಬೇಡ. ಪೂರ್ತಿ ಹೇಳ್ಕೊಡು. ಜನವರಿಯಲ್ಲಿ ನಿನ್ನ ಮಾತು ಕೇಳಿದ್ರೆ..." ಗಿರಿಜಾಂಬಿಕಾ ಅಲ್ಲಿಗೇ ನಿಲ್ಲಿಸಿದರು. ಜ್ಞಾನೇಶ್ ನೆಲ ನೋಡುತ್ತಾ ನಿಂತಿದ್ದ. ಗೆದ್ದವನ ಮುಖ ಅವನದಾಗಿರಲಿಲ್ಲ. "ನಾನೂ ಒಂದೇ ಸಲ ಹೇಳಿ ಸುಮ್ನಾದೆ ಮೇಡಂ" ಎಂದ. "ಎರಡು ಸಲ ಹೇಳಬಹುದಿತ್ತು."

ಹತ್ತೂವರೆಗೆ ಲಿಖಿತಾ ಬಂದಳು. ಅರ್ಜಿಗೆ ಸಹಿ ಹಾಕಿದಳು. ಬಾಗಿಲಲ್ಲಿ ನಿಂತು "ನಮಸ್ತೆ ಮೇಡಂ" ಎಂದು ಹೇಳಿ, ಜ್ಞಾನೇಶ್ ಪಾಠಕ್ಕೆ ಕಾದಿದ್ದ ಪ್ರಯೋಗಶಾಲೆಯ ಕಡೆ ನಡೆದಳು. ಗಿರಿಜಾಂಬಿಕಾರಿಗೆ ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ.

ಸೋಮವಾರ ತಿಪಟೂರಿನ ಸಭೆಯಲ್ಲಿ ಅವರು ಹನ್ನೆರಡು ಪ್ರಶ್ನೆಯ ಪ್ಯಾಕೇಜನ್ನು ವಿವರಿಸಿದರು. ಆಮೇಲೆ ಹೆಸರು ಮುಚ್ಚಿದ ಆ ಎರಡು ಪುಟಗಳನ್ನು ಪರದೆಯ ಮೇಲೆ ಹಾಕಿ, ಇದು ನನ್ನ ಕೈಯಿಂದ ಆದದ್ದು, ಅಡ್ಡಗೆರೆಯ ಕಟ್ಟಳೆ ಯಾರೂ ಮಾಡಬೇಡಿ, ಪಟ್ಟಿಗೆ ಸೇರಿದ ಮಗುವನ್ನು ತಿಂಗಳಿಗೊಮ್ಮೆ ಮತ್ತೆ ನೋಡಿ, ಬರುತ್ತದೆ ಅನ್ನಿಸಿದರೆ ಹೊರಗೆ ಬಿಡಿ ಎಂದರು. ಹಾಲಸ್ವಾಮಿಯವರು ಎರಡನೇ ಸಾಲಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ನಂತರ ಮುಂದಿನ ಸಾಲಿನ ಮೇಷ್ಟ್ರೊಬ್ಬರು ಎದ್ದು, "ಇಪ್ಪತ್ತೆರಡಕ್ಕೆ ಒಂದು ತಾನೇ ಮೇಡಂ, ಅದೇನು ಬಿಡಿ. ಆ ಹನ್ನೆರಡು ಪ್ರಶ್ನೆ ಇನ್ನೊಂದ್ಸಲ ತೋರಿಸ್ತೀರಾ?" ಎಂದರು. ಗಿರಿಜಾಂಬಿಕಾ ತೋರಿಸಿದರು. ಎಲ್ಲರೂ ಫೋನು ಎತ್ತಿ ಫೋಟೋ ತೆಗೆದುಕೊಂಡರು. ಅಡ್ಡಗೆರೆಯ ಪುಟವನ್ನು ತೆಗೆದವರು ಯಾರಾದರೂ ಇದ್ದರೋ ಇಲ್ಲವೋ, ಅವರಿಗೆ ಕಾಣಲಿಲ್ಲ.

ಮಂಗಳವಾರದಿಂದ ಜ್ಞಾನೇಶನ ಆರು ಹಳ್ಳಿ ಅವರ ಪಾಲಾಯಿತು. ಮೊದಲ ದಿನದ ಮೂರನೇ ಮನೆ, ತೋಟದ ಅಂಚಿನ ಹೆಂಚಿನ ಮನೆ. ಅನಿತಾ ಎಂಬ ಹೆಂಗಸು ಕಟ್ಟೆ ಒರೆಸಿ ಕೂರಿಸಿ, ಎಳನೀರು ಕೊಚ್ಚಿ ಕೊಟ್ಟಳು. ಅವಳ ಮಗಳು ಸಿಂಧು ಏಳನೇ ತರಗತಿ ಮುಗಿಸಿ, ಎಂಟಕ್ಕೆ ಸೇರಬೇಕಾದವಳು, ಕಂಬ ಹಿಡಿದು ನಿಂತಿದ್ದಳು.

"ಸೇರಿಸ್ತೀವಿ ಮೇಡಂ," ಎಂದಳು ಅನಿತಾ, "ಆದ್ರೆ ಮೊದ್ಲೇ ಹೇಳ್ಬುಡ್ತೀನಿ. ಇವಳಿಗೆ ಲೆಕ್ಕ ಅಂದ್ರೆ ಆಗಲ್ಲ. ಏನೂ ಬರಲ್ಲ. ಜಾಸ್ತಿ ಏನೂ ಬ್ಯಾಡ, ಹತ್ತನೇ ಕ್ಲಾಸಲ್ಲಿ ಪಾಸ್ ಮಾಡ್ಸಿಕೊಟ್ರೆ ಸಾಕು. ನಿಮ್ಮ ಇಸ್ಕೂಲಲ್ಲಿ ಹೆಂಗಾರ ಮಾಡಿ ಪಾಸ್ ಮಾಡಿಸ್ತಾರಂತಲ್ಲ?"

ಹೋದ ವರ್ಷವಾಗಿದ್ದರೆ ಈ ಮಾತಿಗೆ ಗಿರಿಜಾಂಬಿಕಾ ನಕ್ಕು, "ಅದರ ಹೊಣೆ ನಂದು ಬಿಡಮ್ಮ" ಎಂದು ಅರ್ಜಿ ತುಂಬಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದರು. ಇವತ್ತು ಎಳನೀರನ್ನು ಪಕ್ಕಕ್ಕಿಟ್ಟರು.

"ಏನೂ ಬರಲ್ವೇನೇ?" ಎಂದು ಹುಡುಗಿಯನ್ನೇ ಕೇಳಿದರು.

ಸಿಂಧು ಅಮ್ಮನ ಮುಖ ನೋಡಿದಳು. "ಭಾಗಾಕಾರ ಬರುತ್ತೆ" ಎಂದಳು. "ದೊಡ್ಡದಲ್ಲ. ಸ್ವಲ್ಪ ದೊಡ್ಡದು."

"ಬಾ ಇಲ್ಲಿ."

ಅರ್ಜಿಯ ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಲೆಕ್ಕ ಬರೆದು ಪೆನ್ನು ಕೊಟ್ಟರು. ಹುಡುಗಿ ಕಟ್ಟೆಯ ಮೇಲೆ ಬಗ್ಗಿ ಕೂತಳು. ಮೊದಲ ಸಾಲು ಬರೆದಳು. ನಿಂತಳು. ಎರಡನೇ ಸಾಲಿನಲ್ಲಿ ಒಂದು ಅಂಕಿ ತಪ್ಪು ಬರೆದಳು. ಗಿರಿಜಾಂಬಿಕಾರ ಬಾಯಿಗೆ ಮಾತು ಬಂತು, ನುಂಗಿಕೊಂಡರು. ಇನ್ನೂ ಹನ್ನೊಂದು ಮನೆ ಬಾಕಿಯಿತ್ತು, ಬಿಸಿಲು ನೆತ್ತಿಗೇರುತ್ತಿತ್ತು. ಅನಿತಾ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ತಡ ಆಯ್ತದೆ ಬುಡಿ ಮೇಡಂ" ಎಂದಳು.

"ಆಗಲಿ" ಎಂದರು ಗಿರಿಜಾಂಬಿಕಾ. "ಮಾಡ್ತಾ ಇದಾಳೆ."

ಸಿಂಧು ತಪ್ಪಿದ ಅಂಕಿಯನ್ನು ತಾನೇ ಕಂಡು, ತಿದ್ದಿ, ಮೂರನೇ ಸಾಲಿಗೆ ಇಳಿದಳು.